ಮೇಷ್ಟ್ರಿಗೆ ದಕ್ಕದ ಬಂಧನ

ಎಲ್ಲ ಹಾಳಾಗಿದ್ದು ಒಂದು ಪ್ಲಾಸ್ಟಿಕ್ ಕುರ್ಚಿಯಿಂದ. ಹಳ್ಳಿಗಳ ಸರ್ಕಾರಿ ಶಾಲೆಗಳನ್ನು ಮುಚ್ಚಬಾರದೆಂದು ಹಿರಿಯೂರಿನ ಹೆದ್ದಾರಿಯಲ್ಲಿ ಪ್ರಗತಿಪರರ ಒಕ್ಕೂಟದವರು ರಸ್ತೆ ತಡೆಗೆ ಕುಳಿತಿದ್ದರು. ಇತಿಹಾಸದ ಪ್ರಾಧ್ಯಾಪಕ ಕಾಟಯ್ಯ ಮೇಷ್ಟ್ರೂ ಅವರ ನಡುವೆ ಕಾದ ಟಾರಿನ ಮೇಲೆ ಚಕ್ಕಳಮಕ್ಕಳ ಹಾಕಿದ್ದರು. ಹೊಸದಾಗಿ ವರ್ಗವಾಗಿ ಬಂದಿದ್ದ ಇನ್ಸ್‌ಪೆಕ್ಟರ್ ದುರುಗೇಶ್ ಮೇಷ್ಟ್ರ ಮುಖ ಕಂಡದ್ದೇ ಲಾಠಿಯನ್ನು ಪೇದೆಯ ಕೈಗಿತ್ತು, ಬಗ್ಗಿ ಕಾಲು ಮುಟ್ಟಿದ.

"ಸಾರ್, ನಾನು ನಿಮ್ಮ ಸ್ಟೂಡೆಂಟು. ನಿಮ್ಮ ಪಾಠದಿಂದ್ಲೇ ಪರೀಕ್ಷೆ ಪಾಸಾಗಿದ್ದು. ಕೆಳಗ್ಯಾಕೆ ಕುಂತೀರಿ? ಲೇ, ಸಾರಿಗೊಂದು ಕುರ್ಚಿ ತಗಂಬಾ."

ಕುರ್ಚಿ ಬಂತು. ಹಿಂದೆಯೇ ಎಳನೀರೂ ಬಂತು. ಮೇಷ್ಟ್ರು ಬೇಡವೆಂದಷ್ಟೂ ಅದು ದೊಡ್ಡವರ ಸಂಕೋಚವೆಂದೇ ದುರುಗೇಶನಿಗೆ ತೋರಿತು. ಕೈಹಿಡಿದೆತ್ತಿ ಕುರ್ಚಿಯಲ್ಲಿ ಕೂರಿಸಿಯೇ ಬಿಟ್ಟ. ಅಷ್ಟರಲ್ಲಿ ಮೇಲಿನವರ ಫೋನು ಬಂದು, ಪೊಲೀಸರು ಉಳಿದವರನ್ನೆಲ್ಲ ಎತ್ತಿ ಬಸ್ಸಿಗೆ ತುಂಬಿದರು. ಒಕ್ಕೂಟದ ಅಧ್ಯಕ್ಷ ಶಿವಕುಮಾರಪ್ಪನವರನ್ನು ಹೊತ್ತೇ ಒಯ್ದರು. ಮೂವತ್ತು ವರ್ಷದಿಂದ ಮೇಷ್ಟ್ರಿಗೆ ಒಡಹುಟ್ಟಿದವರಿಗಿಂತ ಹೆಚ್ಚಾಗಿದ್ದವರು ಅವರು. ಅವರು ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದಾಗ ಮೇಷ್ಟ್ರು ಕುರ್ಚಿಯಲ್ಲಿ ಕುಳಿತು ಕೈಯಲ್ಲಿ ಎಳನೀರು ಹಿಡಿದಿದ್ದರು.

ತಮ್ಮನ್ನೂ ಬಂಧಿಸೆಂದು ಮೇಷ್ಟ್ರು ದುರುಗೇಶನನ್ನು ಅಂಗಲಾಚಿದರು.

"ನಿಮ್ಮನ್ನ ಹಿಡ್ಕಂಡು ಹೋದ್ರೆ ನಮ್ಮವ್ವ ನನಗೆ ಅನ್ನ ಹಾಕಲ್ಲ ಸಾರ್," ಎಂದ ಅವನು, ಜೀಪಿನಲ್ಲಿ ಅವರನ್ನು ಮನೆಗೆ ಕಳಿಸಿದ.

ಮನೆಯಲ್ಲಿ ಕೂರಲಾಗದೆ ಮೇಷ್ಟ್ರು ಸ್ಕೂಟರ್ ಹತ್ತಿ ಬಂಧಿತರನ್ನು ಇಟ್ಟಿದ್ದ ಕಲ್ಯಾಣ ಮಂಟಪಕ್ಕೆ ಓಡಿದರು. ಸಾಹೇಬರ ಗುರುಗಳನ್ನು ಒಳಗೆ ಬಿಡಕೂಡದೆಂದು ಆರ್ಡರ್ ಆಗಿದೆ ಎಂದ ಬಾಗಿಲ ಪೇದೆ, ಸೆಲ್ಯೂಟ್ ಬೇರೆ ಹೊಡೆದ. ಮೇಷ್ಟ್ರು ಹೆದ್ದಾರಿಗೆ ಹೋಗಿ ಒಬ್ಬರೇ ನಡುರಸ್ತೆಯಲ್ಲಿ ಕುಳಿತರು. ಟ್ರಾಫಿಕ್ ಪೇದೆ, ಪಾಪ ತಲೆ ಸುತ್ತಿರಬೇಕೆಂದು ನೆರಳಿಗೆ ಕರೆದೊಯ್ದು ನೀರು ಕುಡಿಸಿದ. ಜನ್ಮದಲ್ಲಿ ನಾಯಿಗೂ ಕಲ್ಲೆಸೆಯದ ಮೇಷ್ಟ್ರು ಕೊನೆಗೆ ಠಾಣೆಯ ಕಿಟಕಿಗೇ ಕಲ್ಲು ಬೀಸಿದರು. ಗುರಿ ತಪ್ಪಿ ಅವರದೇ ಸ್ಕೂಟರಿನ ಕನ್ನಡಿ ಒಡೆಯಿತು. ದುರುಗೇಶ್ ಅದಕ್ಕೆ ಹೊಸ ಕನ್ನಡಿ ಹಾಕಿಸಿಕೊಟ್ಟ. ಮನುಷ್ಯನೊಬ್ಬ ತನ್ನ ಮಾನ ಉಳಿಸಿಕೊಳ್ಳಲು ಲಾಕಪ್ಪಿಗೆ ಹೋಗುವುದೂ ಇಷ್ಟು ಕಷ್ಟವೇ ಎಂದು ಮೇಷ್ಟ್ರಿಗೆ ಅಳು ಬಂತು.

ಸಂಜೆ ಬಿಡುಗಡೆಯಾದವರು ನೇರ ಅವರ ಮನೆ ಮುಂದೆ ಬಂದು, ಪೊಲೀಸರ ಏಜೆಂಟ್ ಕಾಟಯ್ಯನಿಗೆ ಧಿಕ್ಕಾರ ಎಂದು ಕೂಗಿದರು. ಬೀದಿಯ ಜನವೆಲ್ಲ ಬಾಗಿಲಿಗೆ ಬಂದರು. ಮೇಷ್ಟ್ರು ಕೈಮುಗಿದು ನಡೆದದ್ದನ್ನೆಲ್ಲ ಹೇಳಿದರು. ಹೇಳುತ್ತ ಹೋದಂತೆ ಅವರಿಗೇ ಅದು ಕಟ್ಟುಕತೆಯಂತೆ ಕೇಳಿಸಿತು. ಶಿವಕುಮಾರಪ್ಪ ಮಾತ್ರ ಅವರ ಮುಖವನ್ನೇ ನೋಡುತ್ತಿದ್ದರು.

"ಇಷ್ಟು ವರ್ಷ ನೋಡೀನಿ ನಿನ್ನ. ನೀನು ಅಂಥೋನಲ್ಲ ಬಿಡಪ್ಪ," ಎಂದು ಚಪ್ಪಲಿ ಕಳಚಿ ಹೊಸ್ತಿಲ ಮೇಲೆ ಕಾಲಿಟ್ಟರು. "ಒಳಗೆ ಕುಂತು ಮಾತಾಡಾಣ ನಡಿ."

ಮೇಷ್ಟ್ರ ಕಣ್ಣು ತುಂಬಿತು. ಹೆಂಡತಿ ಅನುಸೂಯ ಕಾಫಿಗಿಡಲು ಒಳಗೆ ಹೋದರು.

ಅಷ್ಟರಲ್ಲಿ ಜೀಪು ಬಂತು. ಗುರುಗಳ ಮನೆ ಮುಂದೆ ಗಲಾಟೆಯೆಂದು ಯಾರೋ ಠಾಣೆಗೆ ಫೋನು ಮಾಡಿದ್ದರು. ದುರುಗೇಶ್ ಇಬ್ಬರು ಪೇದೆಗಳನ್ನು ಬಾಗಿಲ ಎರಡೂ ಬದಿಗೆ ನಿಲ್ಲಿಸಿದ.

"ಏನೂ ಹೆದರ್ಬ್ಯಾಡ್ರಿ ಸಾರ್. ಇನ್ಮೇಲೆ ಇವ್ರು ಹಗಲೂ ರಾತ್ರಿ ಇಲ್ಲೇ ಇರ್ತಾರೆ. ನೀವು ಒಕ್ಕೂಟದ ಮೀಟಿಂಗಿಗೆ ಹೋದ್ರೂ ಪಕ್ಕದಾಗೇ ಕುಂತಿರ್ತಾರೆ."

ಶಿವಕುಮಾರಪ್ಪ ಹೊಸ್ತಿಲಿಂದ ಕಾಲು ತೆಗೆದು, ಚಪ್ಪಲಿ ಮೆಟ್ಟಿಕೊಂಡರು.