ಮಾತಾಡುವ ಮನೆ, ಉತ್ತರ ಕೊಡುವ ಜನ

ಯಂತ್ರ ಮಾತಾಡಿದರೆ ನಮ್ಮ ಕಡೆಯ ಜನ ಉತ್ತರ ಕೊಡುತ್ತಾರೆ. ತಮಾಷೆಗಳೆಲ್ಲ ಶುರುವಾಗುವುದೇ ಅಲ್ಲಿಂದ. ಜಪಾನಿನಲ್ಲಿ ಲಿಫ್ಟು ನಮಸ್ಕಾರ ಹೇಳುತ್ತದೆ, ಯಾರೂ ತಲೆ ಎತ್ತುವುದಿಲ್ಲ. ಜರ್ಮನಿಯಲ್ಲಿ ಬಸ್ಸು ಮುಂದಿನ ಸ್ಟಾಪಿನ ಹೆಸರು ಹೇಳುತ್ತದೆ, ಜನ ಪುಸ್ತಕ ಓದುತ್ತಲೇ ಇರುತ್ತಾರೆ. ಮೂಡಿಗೆರೆಯಲ್ಲಿ ತೂಕದ ಮಿಷನ್ನು "ಧನ್ಯವಾದ" ಅಂದಾಗ "ಪರವಾಗಿಲ್ಲ ಬಿಡಿ" ಅಂದವರನ್ನು ನಾನೇ ಕಂಡಿದ್ದೇನೆ.

ಕಣ್ಣು ಕಾಣದವರ ಮನೆಗಳಿಗೆ ಮಾತಾಡುವ ಸಲಕರಣೆ ಜೋಡಿಸಿ, ಅದನ್ನು ಬಳಸಲು ಕಲಿಸುವುದು ನನ್ನ ಕೆಲಸ. ಒಂದು ಕಡೆ ಕೂತು ಅಭ್ಯಾಸವಿಲ್ಲದ ನನಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುತ್ತಿರಲಿಲ್ಲ. ದೇಶ ದೇಶ ಸುತ್ತಿ ಆಯಿತು, ಈಗ ಬೆಟ್ಟ ಬೆಟ್ಟ ಸುತ್ತುತ್ತಿದ್ದೇನೆ. ಮನೆಗೊಂದು ಕಥೆ ಇದೆ. ಆದರೆ ನನ್ನ ಹಾಸ್ಟೆಲ್ ಗೆಳತಿಯ ಬಾಡಿಗೆ ಮನೆಯಲ್ಲಿ ಈ ವರ್ಷ ನಡೆದದ್ದರ ಮುಂದೆ ಉಳಿದವೆಲ್ಲ ಸಪ್ಪೆ.

೧. ಲೈಟು ಯಾರಿಗೆ?

ಗೆಳತಿ ಬ್ಯಾಂಕಿನಲ್ಲಿ ಅಧಿಕಾರಿ. ಕಣ್ಣಿನ ನರ ಸೋತು ದೃಷ್ಟಿ ಪೂರ್ತಿ ಹೋದ ಮೇಲೆ ಸಂಸೆಯಲ್ಲಿ ಅಣ್ಣನ ಮನೆಯಲ್ಲಿದ್ದಳು. ಅಲ್ಲಿಂದ ದಿನಾ ಕಳಸದ ಶಾಖೆಗೆ ಬಸ್ಸು. ಅಷ್ಟರಲ್ಲಿ ಬಡ್ತಿ ಬಂತು, ಜೊತೆಗೆ ಮೂಡಿಗೆರೆಗೆ ವರ್ಗ.

"ಬಡ್ತಿ ಬೇಡ ಅಂತ ಬರೆದು ಕೊಡು," ಅಂದರು ಅಣ್ಣ.

"ಮನೆ ನೋಡಿ ಆಯಿತು," ಅಂದಳು ಇವಳು.

ಅಣ್ಣ ಕಾಫಿ ಬೆಳೆಗಾರರು. ಊರಲ್ಲಿ ನಾಲ್ಕು ಜನ ಅವರ ಮಾತು ಕೇಳುತ್ತಾರೆ, ಮನೆಯಲ್ಲಿ ತಂಗಿಯೊಬ್ಬಳೇ ಕೇಳುವುದಿಲ್ಲ. ಸಾಮಾನನ್ನೆಲ್ಲ ಅವರೇ ಜೀಪಿಗೆ ತುಂಬಿಕೊಂಡು ಬಂದರು. ನಾನು ಸ್ಟೂಲಿನ ಮೇಲೆ ನಿಂತು ಬಲ್ಬು ಹಾಕುತ್ತಿದ್ದೆ. ಹೇಳಿದರೆ ಹೊತ್ತಿಕೊಳ್ಳುವ, ಹೇಳಿದರೆ ಆರುವ ಬಲ್ಬು.

"ಅವಳಿಗೆ ಲೈಟು ಎಂತಕ್ಕೆ?" ಅಂದರು.

ಒಳಗಿನಿಂದ ತಂಗಿಯ ಉತ್ತರ ಬಂತು. "ನನಗಲ್ಲ ಅಣ್ಣ, ನಿನಗೆ. ಕತ್ತಲಲ್ಲಿ ಬಂದು ನನ್ನ ಕುರ್ಚಿಗೆ ಎಡವಿ ಬಿದ್ದರೆ ನಿನ್ನನ್ನು ನೋಡಿಕೊಳ್ಳೋರು ಯಾರು?"

ಅಣ್ಣ ನಗಲಿಲ್ಲ. ನೇರವಾಗಿ ಕರಾರಿಗೆ ಬಂದರು. "ಹೂಮಳೆ ಬೀಳೋವರೆಗೆ ನೋಡೋಣ. ಅಷ್ಟರೊಳಗೆ ಒಂದೇ ಒಂದು ಎಡವಟ್ಟಾದರೂ ಗಂಟುಮೂಟೆ ಕಟ್ಟಿ ನನ್ನ ಜೊತೆ ಹೊರಡಬೇಕು. ಮತ್ತೆ ಈ ಮನೆಗೆ ಎಂತ ಆದರೂ ನನ್ನ ಫೋನಿಗೂ ಗೊತ್ತಾಗಬೇಕು."

ಹೂಮಳೆ ಅಂದರೆ ಕಾಫಿ ಗಿಡ ಹೂ ಬಿಡಲು ಕಾಯುವ ಬೇಸಿಗೆಯ ಮೊದಲ ಮಳೆ. ಆಗಿನ್ನೂ ಕೊಯ್ಲೇ ಮುಗಿದಿರಲಿಲ್ಲ. ಗೆಳತಿ ಒಪ್ಪಿದಳು. ಒಪ್ಪುವಾಗ ನನ್ನ ಕೈ ಹಿಡಿದಿದ್ದಳು, ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ನನ್ನ ಬಳೆ ಬಗ್ಗಿತು.

ಅಣ್ಣ ಹೊರಟರು. ನಡು ಮಧ್ಯಾಹ್ನ, ಮನೆಯ ಅಷ್ಟೂ ಲೈಟು ಉರಿಯುತ್ತಿತ್ತು. ಆದರೂ ಆ ಕುರ್ಚಿಗೇ ಎಡವಿದರು.

೨. ಅನಿಲ ಸೋರಿಕೆ

ಸಂಕ್ರಾಂತಿ ಕಳೆದ ಮೇಲೆ ಅಣ್ಣ, ಅತ್ತಿಗೆ ಇಬ್ಬರೂ ಬಂದರು. ನೋಡಿ ಹೋಗಲು ಅಂತ ಹೆಸರು, ಬಂದದ್ದು ತಪಾಸಣೆಗೆ. ಅಣ್ಣ ಒಂದೊಂದು ಸಲಕರಣೆಯ ಮುಂದೂ ನಿಂತು, "ಇದು ಎಂತದು? ಇದು ಕೆಟ್ಟರೆ?" ಅಂತ ಕೇಳುತ್ತಾ ಅಡುಗೆಮನೆಗೆ ಬಂದರು. ಗೋಡೆಯಲ್ಲಿ ಗ್ಯಾಸ್ ಸೋರಿದರೆ ಕೂಗುವ ಪುಟ್ಟ ಡಬ್ಬಿ. ಬಗ್ಗಿ, ಮೂತಿ ಅದರ ಹತ್ತಿರ ತಂದು, "ಈ ಬೆಂಕಿಪೊಟ್ಟಣಕ್ಕೆ ಗ್ಯಾಸ್ ಗೊತ್ತಾಗ್ತದಾ?" ಅಂದರು.

ಡಬ್ಬಿ ಕೂಗಿಕೊಂಡಿತು. ಹಿಂದೆಯೇ ಸ್ಪೀಕರಿನಲ್ಲಿ ಹೆಣ್ಣು ದನಿ: "ಎಚ್ಚರಿಕೆ. ಅಡುಗೆಮನೆಯಲ್ಲಿ ಅನಿಲ ಸೋರಿಕೆ ಪತ್ತೆಯಾಗಿದೆ. ದಯವಿಟ್ಟು ಹೊರಗೆ ನಡೆಯಿರಿ."

ನಡೆಯಲಿಲ್ಲ, ಓಡಿದೆವು. ಅಂಗಳದಲ್ಲಿ ಅಣ್ಣ, "ನೋಡಿದ್ಯಾ, ಇದೇ ನಾನು ಹೇಳಿದ್ದು. ಇವತ್ತೇ ಹೊರಡು," ಅಂತ ಶುರು ಮಾಡಿದರು. ಗೆಳತಿಯ ಮುಖ ಬಿಳುಚಿತು. ನಾನು ಸಿಲಿಂಡರ್ ನೋಡಿ ಬಂದೆ, ಬಂದ್ ಆಗಿತ್ತು. ಪೈಪು ನೋಡಿದೆ, ಸರಿಯಾಗಿತ್ತು. ಕಿಟಕಿ ತೆರೆದೆ, ಡಬ್ಬಿ ಸುಮ್ಮನಾಯಿತು. ಅತ್ತಿಗೆ ಹೋಗಿ ಅದರ ಮುಂದೆ ನಿಂತರು, ಸದ್ದಿಲ್ಲ. ಅಣ್ಣ ಹೋಗಿ, "ಸರಿಯಿಲ್ಲ ಇದು," ಅಂದದ್ದೇ ತಡ, ಅನಿಲ ಸೋರಿಕೆ!

ನನಗೆ ಆಗಲೇ ತಿಳಿದಿತ್ತು. ಆದರೆ ಗಂಡ ಹೆಂಡಿರ ನಡುವೆ ಬಾಯಿ ಹಾಕಬಾರದೆಂದು ನಾನು ಹೋದ ದೇಶಗಳಲ್ಲೆಲ್ಲ ಕಲಿತಿದ್ದೇನೆ. ಗೆಳತಿ ಮಾತ್ರ ಏನೂ ಅರಿಯದವಳ ದನಿ ಮಾಡಿ ನನ್ನನ್ನು ಕೇಳಿದಳು. "ಅದಕ್ಕೆ ಗ್ಯಾಸು ಒಂದೇ ಅಲ್ಲ, ಬ್ರಾಂದಿಯ ಆವಿ ತಾಗಿದರೂ ಕೂಗ್ತದೆ ಅಂದಿದ್ದೆ ಅಲ್ವೇನೇ?"

ಅತ್ತಿಗೆ ನಿಧಾನಕ್ಕೆ ತಿರುಗಿದರು. "ಕೊಟ್ಟಿಗೆಹಾರದಲ್ಲಿ ಜೀಪು ನಿಲ್ಲಿಸಿದ್ದು ಟಯರ್ ನೋಡ್ಲಿಕ್ಕೆ ಅಂದ್ರಿ."

"ಚಳಿ ಇತ್ತಲ್ಲ..."

"ದೀಪಾವಳಿಗೆ ಬಿಟ್ಟೆ ಅಂದ್ರಿ."

ಆ ದಿನದ ತಪಾಸಣೆ ಅಲ್ಲಿಗೆ ಮುಗಿಯಿತು. ಜೀಪು ಹತ್ತುವಾಗ ಅತ್ತಿಗೆ ನನ್ನನ್ನು ಬದಿಗೆ ಕರೆದರು. "ಇಂಥದ್ದೊಂದು ನಮ್ಮ ಮನೆಗೂ ಹಾಕಿಕೊಡಿ. ಅಡುಗೆಮನೆಗೆ ಬೇಡ, ಹೆಬ್ಬಾಗಿಲಿಗೆ."

೩. ಮರ್ಯಾದೆ ಹೆಚ್ಚಾಯಿತು

ಸ್ಪೀಕರಿನ ಕನ್ನಡದ ಬಗ್ಗೆ ಗೆಳತಿಗೆ ಮೊದಲಿನಿಂದಲೂ ಅಸಮಾಧಾನ. "ಮನೆಯಲ್ಲಿ ಯಾರೋ ಇಡೀ ದಿನ ವಾರ್ತೆ ಓದ್ತಾ ಇದ್ದ ಹಾಗೆ ಆಗ್ತದೆ ಮಾರಾಯ್ತಿ." ಜಗಲಿಗೆ ಯಾರು ಬಂದರೂ ಅದು, "ನಮಸ್ಕಾರ. ತಾವು ಯಾರೆಂದು ದಯವಿಟ್ಟು ತಿಳಿಸುವಿರಾ?" ಅನ್ನುತ್ತಿತ್ತು. ನೀರು ಶುದ್ಧ ಮಾಡುವ ಮಿಷನ್ ಮಾರುವವನೊಬ್ಬ ಒಂದು ಭಾನುವಾರ ಬಂದ. ಅವನ ಜನ್ಮದಲ್ಲಿ ಯಾವ ಬಾಗಿಲೂ ಅವನಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಕ್ಕಿಲ್ಲ. ಬ್ಯಾಗು ಬಿಚ್ಚಿ, ಕೊಳಕು ನೀರಿನಿಂದ ಬರುವ ಕಾಯಿಲೆಗಳನ್ನೆಲ್ಲ ಬಾಗಿಲಿಗೆ ವಿವರಿಸುತ್ತಾ ಕೂತುಬಿಟ್ಟ.

ಬೇರೆ ದನಿ ಬೇಕೆಂದು ಅವತ್ತೇ ತೀರ್ಮಾನವಾಯಿತು. ದನಿ ಹುಡುಕಲು ದೂರ ಹೋಗಬೇಕಿರಲಿಲ್ಲ. ಪಕ್ಕದ ಮನೆಯ ಅಕ್ಕ ಇದ್ದರು. ಅವರ ಯಜಮಾನರದ್ದು ಜೀಪು ರಿಪೇರಿಯ ಗ್ಯಾರೇಜು, ಮನೆಗೆ ತಾಗಿಕೊಂಡೇ ಇದೆ. ಇಂಜಿನ್ ಸದ್ದಿನ ಮೇಲೆ ಊಟಕ್ಕೆ ಕರೆದು ಕರೆದು ಅಕ್ಕನ ಗಂಟಲು ಪಳಗಿದೆ. ವಯಸ್ಸು ನಲವತ್ತರ ಆಚೆ ಈಚೆ, ದನಿಗೆ ಮಾತ್ರ ಎಪ್ಪತ್ತರ ಅಧಿಕಾರ. ರಂಜಾನಿನಲ್ಲಿ ಗೋಡೆಯಾಚೆಯಿಂದ ಸಮೋಸ ದಾಟಿಸುವಾಗಲೂ ಜಗಳಕ್ಕೆ ಕರೆದಂತೆಯೇ ಕರೆಯುತ್ತಾರೆ.

"ಎಂತ ಹೇಳ್ಬೇಕು?" ಅಂದರು, ನಾನು ಫೋನು ಹಿಡಿದಾಗ.

"ಗೊತ್ತಿಲ್ಲದವರು ನಿಮ್ಮ ಬಾಗಿಲಿಗೆ ಬಂದರೆ ಎಂತ ಹೇಳ್ತೀರೋ ಅದನ್ನೇ."

ಸೆರಗು ಸರಿಮಾಡಿಕೊಂಡು, ಎದೆ ತುಂಬ ಉಸಿರು ಎಳೆದರು. "ಯಾರದು? ಅಲ್ಲೇ ನಿಲ್ಲಿ ಮಾರಾಯ್ರೆ! ಯಾವ ಊರು, ಯಾರ ಮನೆಯವರು?"

ಆಚೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಬಿದ್ದ ಸದ್ದಾಯಿತು. "ನಾನೇ ಮಾರಾಯ್ತಿ," ಅಂತ ಯಜಮಾನರು ಜೀಪಿನ ಅಡಿಯಿಂದ ಕೂಗಿದರು, "ನಿನ್ನ ಗಂಡ!"

೪. ಗುಡುಗಿಗೆ ಯಾರ ಮನೆಯೂ ಒಂದೇ

ಜಗಲಿಯಲ್ಲಿ ಯಾರಾದರೂ ಅಲುಗಾಡಿದರೆ ಸಾಕು, ಅಕ್ಕನ ದನಿ ಮೊಳಗಬೇಕು. ಅಲ್ಲಿಯ ಮಾತು ಆ ಕ್ಷಣವೇ ಗೆಳತಿಯ ಫೋನಿನಲ್ಲಿ ಕೇಳಬೇಕು. ಹಾಗೆ ಜೋಡಿಸಿದೆ. ಎಲ್ಲ ಸರಿಯಾಗಿತ್ತು, ಕರಾರಿನ ದಿನಗಳೂ ಸರಿಯುತ್ತಿದ್ದವು, ಗೆಳತಿ ತನ್ನ ಅಡುಗೆ ತಾನೇ ಮಾಡಿಕೊಂಡು, ಬಟ್ಟೆಯ ಬಣ್ಣ ಫೋನನ್ನು ಕೇಳಿ ಸೀರೆ ಉಟ್ಟು ಬ್ಯಾಂಕಿಗೆ ಹೋಗಿ ಬರುತ್ತಿದ್ದಳು.

ಒಂದು ಮಧ್ಯಾಹ್ನ ದೇವರಮನೆ ಬೆಟ್ಟದ ಕಡೆ ಮೋಡ ಕಟ್ಟಿತು. ಗುಡುಗು ಶುರು.

ಗುಡುಗಿದರೆ ನಮ್ಮ ಕಡೆ ಏನು ಮಾಡುತ್ತಾರೆಂದು ಹೇಳಬೇಕಾಗಿಲ್ಲ. ಟೀವಿ ಪ್ಲಗ್ಗು, ಫ್ರಿಜ್ಜಿನ ಪ್ಲಗ್ಗು, ಮಿಕ್ಸಿ ಪ್ಲಗ್ಗು, ಕೈಗೆ ಸಿಕ್ಕಿದ ಪ್ಲಗ್ಗನ್ನೆಲ್ಲ ಕಿತ್ತು ಹಾಕಿ, ಮೇನ್ ಸ್ವಿಚ್ಚೂ ಆರಿಸಿ, ಕೈಕಟ್ಟಿ ಕೂರುತ್ತಾರೆ. ಅಕ್ಕ ಮೊದಲು ತಮ್ಮ ಮನೆಯದು ಕಿತ್ತರು. ಗೆಳತಿ ಕೊಟ್ಟಿದ್ದ ಬೀಗದ ಕೈ ನೆನಪಾಯಿತು. ಪಾಪ, ಕಣ್ಣು ಕಾಣದ ಹುಡುಗಿಯ ಸಾಮಾನು ಸುಟ್ಟುಹೋದರೆ? ಓಡಿ ಬಂದು ಇಲ್ಲಿಯದನ್ನೂ ಬುಡಸಮೇತ ಕಿತ್ತರು, ಇನ್ವರ್ಟರನ್ನೂ ಬಿಡಲಿಲ್ಲ.

ಬ್ಯಾಂಕಿನಲ್ಲಿ ಗೆಳತಿಯ ಫೋನು ಹೇಳಿತು: "ನಿಮ್ಮ ಮನೆ ಸಂಪರ್ಕಕ್ಕೆ ಸಿಗುತ್ತಿಲ್ಲ." ಸಂಸೆಯಲ್ಲಿ ಅಣ್ಣನ ಫೋನೂ ಅದನ್ನೇ ಹೇಳಿತು.

ನಾನು ಅಕ್ಕನಿಗೆ, "ಹೀಗೆ ಕಿತ್ತರೆ ಮನೆಯ ಬಾಯಿ ಬಂದ್ ಆಗ್ತದೆ ಅಕ್ಕ," ಅಂದೆ.

"ಆಗ್ಲಿ. ಗುಡುಗುವಾಗ ದೊಡ್ಡವರ ಮುಂದೆ ಅದೆಂತ ಮಾತು?" ಅಂದರು.

೫. ಬಾಗಿಲ ಹಿಂದಿನ ಅಮ್ಮ

ಗೆಳತಿ ಅವತ್ತೇ ಅಣ್ಣನಿಗೆ ಫೋನ್ ಮಾಡಿ, ಬರೀ ಪ್ಲಗ್ಗು ಕಿತ್ತದ್ದು ಅಂತ ಹೇಳಿದಳು. ಅಣ್ಣ ರೇಗಲಿಲ್ಲ. "ಸರಿ ಬಿಡು," ಅಂದರು. ಫೋನ್ ಇಟ್ಟು ಗೆಳತಿ ಮಂಕಾದಳು. "ಅಣ್ಣ ಕೂಗಾಡಿದರೆ ಭಯ ಇಲ್ಲ. 'ಸರಿ ಬಿಡು' ಅಂದರೆ ಜೀಪಿಗೆ ಡೀಸೆಲ್ ಹಾಕಿಸ್ತಾ ಇದ್ದಾನೆ ಅಂತ."

ಮರುದಿನ ಊಟದ ಹೊತ್ತಿಗೆ ನಾನು ಬ್ಯಾಂಕಿಗೆ ಹೋಗಿದ್ದೆ. ಒಳಕೋಣೆಯಲ್ಲಿ ಸಿಬ್ಬಂದಿಯೆಲ್ಲ ಡಬ್ಬಿ ಬಿಚ್ಚಿ ಕೂತಿದ್ದರು. ಮ್ಯಾನೇಜರ್ ಅಕ್ಕಿ ರೊಟ್ಟಿ ಮುರಿಯುತ್ತಿದ್ದರು. ಮೇಜಿನ ಮೇಲಿದ್ದ ಗೆಳತಿಯ ಫೋನಿನಲ್ಲಿ ಅಕ್ಕನ ಗುಡುಗು: "ಯಾರದು? ಅಲ್ಲೇ ನಿಲ್ಲಿ ಮಾರಾಯ್ರೆ! ಯಾವ ಊರು, ಯಾರ ಮನೆಯವರು?"

ಜಗಲಿಯಲ್ಲಿ ಚಪ್ಪಲಿಯ ಸದ್ದು ನಿಂತಿತು. ಆಮೇಲೆ ತಗ್ಗಿದ ಗಂಡು ದನಿ. "ನಾನು... ಸಂಸೆ ಕಡೆಯವನು. ಈ ಮನೆ ಹುಡುಗಿಯ ಅಣ್ಣ."

ಗೆಳತಿಯ ತುತ್ತು ಕೈಯಲ್ಲೇ ಉಳಿಯಿತು. ತಂಗಿ ಇಲ್ಲದ ಹೊತ್ತು ನೋಡಿ ಸಾಮಾನು ತುಂಬಿಕೊಂಡು ಹೋಗಲು ಬಂದಿದ್ದಾರೆ! ಕೀ ಇರುವ ಪಕ್ಕದ ಮನೆ ಅಕ್ಕ ಅವತ್ತು ತವರಿಗೆ ಹೋಗಿದ್ದರು. ಅಕ್ಕನ ದನಿಯನ್ನು ಅಣ್ಣ ಹಿಂದೆ ಕೇಳಿದವರೇ ಅಲ್ಲ. ಅವರಿಗೆ ಗೊತ್ತಿದ್ದದ್ದು ಆ ವಾರ್ತೆ ಓದುವ ಯಂತ್ರ ಮಾತ್ರ.

ಬಹುಶಃ ಅಣ್ಣ ಒಂದು ಹೆಜ್ಜೆ ಮುಂದಿಟ್ಟಿರಬೇಕು. "ಯಾರದು? ಅಲ್ಲೇ ನಿಲ್ಲಿ ಮಾರಾಯ್ರೆ!"

"ಹೇಳಿದೆನಲ್ಲಮ್ಮ, ಸಂಸೆ." ಈಗ ದನಿ ಜೋರಾಗಿತ್ತು, ಕಿವಿ ಮಂದ ಇರುವವರ ಜೊತೆ ಮಾತಾಡುವ ಹಾಗೆ. ಅಪ್ಪನ ಹೆಸರು ಹೇಳಿದರು, ಅಜ್ಜನ ಹೆಸರು ಹೇಳಿದರು, ಎಸ್ಟೇಟಿನ ಹೆಸರು ಹೇಳಿದರು. ಜಗಲಿಯ ಬೆಂಚು ಕಿರುಗುಟ್ಟಿತು. ಕೂತರು.

"ತಪ್ಪು ತಿಳೀಬೇಡಿ. ಜೊತೆಗೆ ಹಿರಿಯರು ಒಬ್ಬರು ಇದ್ದೀರಿ ಅಂತ ಅವಳು ಹೇಳಲೇ ಇಲ್ಲ. ಒಬ್ಬಳೇ ಅಂತ ನಾನು... ಅವಳ ಕಣ್ಣು ಹೋದ ದಿನ ಆಸ್ಪತ್ರೆಯಿಂದ ಬರುವಾಗ, ನಾನಿದ್ದೇನೆ ಬಿಡು ಅಂದಿದ್ದೆ. ಈಗ ಅವಳಿಗೆ ಲೈಟು ಹಾಕ್ಲಿಕ್ಕೆ ಮಿಷನ್, ಗ್ಯಾಸ್ ನೋಡ್ಲಿಕ್ಕೆ ಮಿಷನ್. ಅಣ್ಣ ಎಂತಕ್ಕೆ ಬೇಕು ಹೇಳಿ? ಅದಕ್ಕೇ ಕರ್ಕೊಂಡು ಹೋಗುವ ಅಂತ ಬಂದೆ. ಅವಳಿಗೋಸ್ಕರ ಅಂತ ಎಲ್ಲರಿಗೂ ಹೇಳ್ತೇನೆ. ನಿಮ್ಮ ಹತ್ರ ಸುಳ್ಳು ಹೇಳ್ಲಿಕ್ಕೆ ಧೈರ್ಯ ಬರುದಿಲ್ಲ."

ಮ್ಯಾನೇಜರ್ ರೊಟ್ಟಿ ಕೆಳಗಿಟ್ಟರು. ಗೆಳತಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಇರ್ಲಿ. ನೀವಿದ್ದೀರಲ್ಲ, ನನಗೆ ಸಮಾಧಾನ ಆಯ್ತು. ನಾನು ಬಂದದ್ದು ಅವಳಿಗೆ ಹೇಳ್ಬೇಡಿ. ಹೊರಡ್ತೇನೆ." ಎದ್ದರು.

"ಯಾರದು? ಅಲ್ಲೇ ನಿಲ್ಲಿ ಮಾರಾಯ್ರೆ!"

ಬೆಂಚು ಮತ್ತೆ ಕಿರುಗುಟ್ಟಿತು.

"ಕಾಫಿ ಬೇಡ ಅಮ್ಮ, ಕುಡಿದೇ ಬಂದೆ." ಎದ್ದರು.

"ಅಲ್ಲೇ ನಿಲ್ಲಿ ಮಾರಾಯ್ರೆ! ಯಾವ ಊರು..."

"ಕುಡಿದೆ ಅಂದ್ರೆ ಕಾಫಿ ಅಮ್ಮ, ಕಾಫಿ! ಅದನ್ನು ಬಿಟ್ಟಿದ್ದೇನೆ!"

ಅಲ್ಲಿಗೆ ಬ್ಯಾಂಕಿನ ಒಳಕೋಣೆ ಸಿಡಿಯಿತು. ನಗು ಆಚೆಗೆ ಕೇಳದಿರಲೆಂದು ಒಬ್ಬರು ಬಾಗಿಲು ಹಾಕಿದರು. ಅತ್ತು ನಗುತ್ತಾ ಗೆಳತಿ ಫೋನಿನಲ್ಲಿ ಬೆರಳಾಡಿಸಿ ಜಗಲಿಯ ದನಿ ನಿಲ್ಲಿಸಿದಳು. ಆಮೇಲೆಯೇ ಅಣ್ಣನಿಗೆ ಬಿಡುಗಡೆ.

ಸಂಜೆ ಅಣ್ಣನ ಫೋನು ಬಂತು. "ನಮ್ಮಲ್ಲಿ ಹೂಮಳೆ ಚೆನ್ನಾಗಿ ಬಂತು. ನೀನು ಅಲ್ಲೇ ಇರು."

"ಸರಿ ಅಣ್ಣ," ಅಂದಳು ಇವಳು. "ಮತ್ತೆ ಶನಿವಾರ ಬಂದು ನನ್ನನ್ನು ಸಂತೆಗೆ ಕರ್ಕೊಂಡು ಹೋಗು. ಚೌಕಾಸಿ ಮಾಡುವ ಮಿಷನ್ ಇನ್ನೂ ಬಂದಿಲ್ಲ."

ಸಂತೆ ಎಷ್ಟು ಹೊತ್ತಿಗೆ ಶುರು ಅಂತ ಅಣ್ಣ ಕೇಳಿದರು. "ಬರ್ತೇನೆ," ಅಂದರು.

ಶನಿವಾರಕ್ಕೂ ಮೊದಲೇ ಬಸ್ಸಿನಲ್ಲಿ ಎರಡು ಭರಣಿ ಮಿಡಿ ಉಪ್ಪಿನಕಾಯಿ ಬಂತು. ಕಂಡಕ್ಟರ್ ವರದಿ ಒಪ್ಪಿಸಿದ. "ದೊಡ್ಡದು ತಂಗಿಗಂತೆ. ಸಣ್ಣದು ಒಳಗಿರುವ ಅಮ್ಮನಿಗಂತೆ. ವಯಸ್ಸಾದವರು, ಅದಕ್ಕೆ ಉಪ್ಪು ಕಡಿಮೆ ಹಾಕಿಸಿದ್ದಾರಂತೆ."

ಸಣ್ಣ ಭರಣಿ ಯಾರಿಗೆ ಸೇರಬೇಕೋ ಅವರಿಗೇ ತಲುಪಿಸಿದೆವು, ಕಥೆಯ ಸಮೇತ. ಅಕ್ಕ ಒಂದು ಮಿಡಿ ಕಚ್ಚಿ, ಮುಖ ಸಿಂಡರಿಸಿ, ತಮ್ಮದೇ ದನಿಯಲ್ಲಿ ಅಂದರು:

"ಉಪ್ಪಿಲ್ಲದ ಉಪ್ಪಿನಕಾಯಿ ಕಳಿಸಿದವರನ್ನು ಅಷ್ಟು ಬೇಗ ಯಾಕೆ ಬಿಟ್ರಿ ಮಾರಾಯ್ರೆ?"