ವಾಹನ ನಿಲುಗಡೆಯ ಡಾಂಬರಿಗೆ, ಹದಿನಾಲ್ಕು ಅಡಿ ಆಚೆಯಿಂದ

ಮಾನ್ಯ ಡಾಂಬರಿನವರೇ,

ಕಣಿವೆಯ ರಾಷ್ಟ್ರೀಯ ಉದ್ಯಾನದಲ್ಲಿ ಹದಿನೆಂಟು ಮೈಲಿ ಉದ್ದದ ರಸ್ತೆಯಾಗಿಯೂ, ಅದರ ಪಕ್ಕದ ಹದಿಮೂರು ವಾಹನ ನಿಲುಗಡೆಗಳಾಗಿಯೂ ಮೈಚಾಚಿ ಮಲಗಿರುವ ತಮಗೆ ವಂದನೆಗಳು; ಈ ಜುಲೈ ಬಿಸಿಲಿನಲ್ಲಿ ತಮ್ಮ ಆರೋಗ್ಯ ಹೇಗಿದೆಯೋ ಎಂಬ ನಿಜವಾದ ಕಾಳಜಿಯೂ ಇದೆ. ಈ ದೂರನ್ನು ಉದ್ಯಾನದ ಅಧಿಕಾರಿಗಳಿಗೆ ಬರೆಯಬೇಕಿತ್ತೇನೋ. ಆದರೆ ಅವರ ನಿಯಮ ಓದಿದ ಮೇಲೆ ಅಲ್ಲಿನ ನಿಜವಾದ ಅಧಿಕಾರಿ ತಾವೇ ಎಂದು ತಿಳಿಯಿತು. ತಾವು ಇರುವವರೆಗೆ ನಾಯಿ ಬರಬಹುದು. ತಾವು ಮುಗಿದಲ್ಲಿ ನಾಯಿಯೂ ನಿಲ್ಲಬೇಕು.

ನನ್ನ ತಾಯಿ ಲವಾನ್ ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿದವಳು. ಈಗ ಎಂಬತ್ತೊಂದು. ಎರಡೂ ಕಣ್ಣು ಮಸುಕಾಗುತ್ತಿವೆ, ಚಳಿಗಾಲದ ಹೊತ್ತಿಗೆ ಎಷ್ಟು ಉಳಿಯುತ್ತದೋ ವೈದ್ಯರಿಗೂ ಗೊತ್ತಿಲ್ಲ. ಅಷ್ಟರೊಳಗೆ ಕಣಿವೆಯನ್ನು ಇನ್ನೊಮ್ಮೆ ನೋಡಬೇಕೆಂದಳು. ಮಂಡಿನೋವಿನಿಂದಾಗಿ ನನ್ನ ಕೈ ಹಿಡಿಯದೆ ನಡೆಯಲಾರಳು. ಡೀಕನ್ ಮತ್ತು ಪಿಂಟೋ ಎಂಬ ತನ್ನ ಎರಡು ನಾಯಿಗಳನ್ನು ಬಿಟ್ಟು ಎಲ್ಲಿಗೂ ಹೊರಡಲಾರಳು. ಅವನ್ನು ಕಾರಿನಲ್ಲಿ ಕೂಡಿಹಾಕಿದರೆ ಸೆಕೆಗೆ ಸತ್ತೇಹೋಗುತ್ತವೆ, ಹೊರಗೆ ಕಟ್ಟಿಹೋಗಲು ಅಪ್ಪಣೆಯಿಲ್ಲ.

ನಾನೂ ಒಂದು ತಪ್ಪು ಮಾಡಿದೆ. ಪ್ರವೇಶದ್ವಾರದ ಕಚೇರಿಯಲ್ಲಿ ನಾಯಿಗಳ ಮುಂಗಾಲು ಎತ್ತಿಸಿ, ಉದ್ಯಾನದ ಕಾಯಿದೆ ಪಾಲಿಸುತ್ತೇವೆಂದು ಪ್ರಮಾಣ ಮಾಡಿಸಿ, ಗೌರವ ಸಿಬ್ಬಂದಿ ಎಂದು ಕೊರಳಿಗೊಂದು ಬಿಲ್ಲೆ ಕಟ್ಟುವ ಪದ್ಧತಿ ಇದೆಯಷ್ಟೆ. ಬಿಲ್ಲೆ ಕಟ್ಟಿದ ಮೇಲೆ ಅವು ಸಿಬ್ಬಂದಿಯೇ, ಎಲ್ಲಿಗಾದರೂ ಹೋಗಬಹುದು ಎಂದು ಅಮ್ಮನಿಗೆ ಭರವಸೆ ಕೊಟ್ಟುಬಿಟ್ಟೆ.

ಆ ಬಿಲ್ಲೆ ಡಾಂಬರಿನ ಆಚೆಗೆ ನಡೆಯುವುದಿಲ್ಲವೆಂದು ಮೊದಲ ನಿಲುಗಡೆಯ ಫಲಕ ಓದಿದಾಗಲೇ ತಿಳಿಯಿತು. ಹೀಗಾಗಿ ಹನ್ನೆರಡು ನಿಲುಗಡೆಗಳಲ್ಲಿ ಅಮ್ಮ ತಂಪು ಗಾಳಿ ಹಾಕಿಕೊಂಡು ನಾಯಿಗಳ ಜೊತೆ ಕಾರಿನಲ್ಲೇ ಕುಳಿತಳು. ನಾನೊಬ್ಬಳೇ ಕಣಿವೆಯಂಚಿನ ಕಟಕಟೆಯವರೆಗೆ ಓಡಿ, ನೋಡಿ, ಬಂದು ವರದಿ ಒಪ್ಪಿಸಿದೆ. ಕೆಂಪಾಗಿದೆ ಅಂದೆ. "ಆಮೇಲೆ?" ಎಂದು ಕೇಳಿದಳು. ಇನ್ನೂ ಕೆಂಪಾಗಿದೆ ಅಂದೆ. ಏಳನೆಯದರಲ್ಲಿ ಅವಳು, "ನಿನ್ನನ್ನ ಅಷ್ಟು ಓದಿಸಿದ್ದು ಇದಕ್ಕೇನೇ?" ಅಂದಳು.

ಹದಿಮೂರನೆಯದರಲ್ಲಿ ತಮ್ಮ ಅಂಚಿನಿಂದ ಕಟಕಟೆಗೆ ಹದಿನಾಲ್ಕು ಅಡಿ ಜಲ್ಲಿ. ಅಮ್ಮ ಇಳಿದೇ ಇಳಿದಳು. ನಾಯಿಗಳು ನಿಂತದ್ದು ಡಾಂಬರಿನವರಾದ ತಮ್ಮ ಮೈಮೇಲೆ, ಬಿಸಿ ತಾಗದಂತೆ ಕಾಲಿಗೆ ಚೀಲ ತೊಟ್ಟು. ಅವುಗಳ ಹಗ್ಗ ನನ್ನ ಎಡಗೈಯಲ್ಲಿ, ಅಮ್ಮ ನನ್ನ ಬಲಗೈಯಲ್ಲಿ; ಹೀಗೆ ಬೇಲಿಯ ತಂತಿಯಂತೆ ಬಿಗಿಯಾಗಿ ಹರಡಿಕೊಂಡು ಕಣಿವೆಯತ್ತ ಚಾಚಿದೆವು. ಅಷ್ಟರಲ್ಲಿ ಟೆರೆಸಾ ಬಿಗೇ ಎಂಬ ಅರಣ್ಯಾಧಿಕಾರಿ ಅಗಲ ಟೋಪಿ ಸರಿಪಡಿಸಿಕೊಳ್ಳುತ್ತ ಬಂದರು. ಇವು ನಿಮ್ಮ ಸಿಬ್ಬಂದಿಯೇ ಅಲ್ಲವೇ ಎಂದು ಅಮ್ಮ ಬಿಲ್ಲೆ ತೋರಿಸಿದಳು.

"ಸಿಬ್ಬಂದಿ ಅಂದ್ಮೇಲೆ ಕಾಯಿದೆ ಇನ್ನೂ ಬಿಗಿ, ಅಮ್ಮ," ಎಂದರು ಆಕೆ. ಬಗ್ಗಿ ಎಂಟು ಪಾದಗಳನ್ನೂ ಒಂದೊಂದಾಗಿ ನೋಡಿದರು. ಹಗ್ಗವನ್ನು ಗೇಣಿನಲ್ಲಿ ಅಳೆದರು. ಆಮೇಲೆ, "ಹಗ್ಗ ಆರಡಿ ಮೀರಬಾರ್ದು ಅಂತಿದೆ, ಮೀರಿಲ್ಲ. ಮನೆಯವರ ಉದ್ದ ಎಷ್ಟಿರಬೇಕು ಅಂತ ಎಲ್ಲೂ ಬರೆದಿಲ್ಲ," ಎಂದು ಹೇಳಿ ಬೇರೆ ಕಾರುಗಳತ್ತ ನಡೆದರು.

ಅಮ್ಮನ ಕೈ ಕಟಕಟೆಗೆ ತಾಗಿತು.

ನಿಯಮ ತಪ್ಪು ಎನ್ನಲಾರೆ. ಪಿಂಟೋ ಅಳಿಲನ್ನು ಕಂಡಾಗ ಎಂಥವನಾಗುತ್ತಾನೆಂದು ಬಲ್ಲ ನಾನು ಆ ನಿಯಮಕ್ಕೆ ಎರಡು ಸಲ ಸಹಿ ಹಾಕುತ್ತಿದ್ದೆ. ಹಾಗಾದರೆ ಈ ಪತ್ರ ಏಕೆ ಎಂದು ನನ್ನನ್ನೇ ಕೇಳಿಕೊಂಡೆ. ಬಹುಶಃ ಇಷ್ಟಕ್ಕೇ: ಅಳಿಲನ್ನೂ ಎಂಟು ಪಾದಗಳನ್ನೂ ಕಾಯುತ್ತ ನಾನು ಕಣಿವೆಗೆ ಬೆನ್ನು ಹಾಕಿ, ಇಡೀ ಹದಿನೈದು ನಿಮಿಷ ತಮ್ಮ ಮುಖವನ್ನೇ ನೋಡುತ್ತ ನಿಂತಿದ್ದೆ. ತಮ್ಮ ಮುಖ ಸಪಾಟಾಗಿದೆ, ಅಲ್ಲಲ್ಲಿ ಎಣ್ಣೆಯ ಕಲೆ ಇದೆ. ಗಂಭೀರವಾದ ಮುಖ, ನಿಜ, ಆದರೆ ಅದನ್ನು ನೋಡಲು ಜನ ಅಷ್ಟು ದೂರದಿಂದ ಬರುವುದಿಲ್ಲ.

ಆದ್ದರಿಂದ ಒಂದು ಸಣ್ಣ ಬೇಡಿಕೆ. ಮಧ್ಯಾಹ್ನದ ಹೊತ್ತು ತಾವು ಮೆತ್ತಗಾಗುವುದನ್ನು ಕಂಡಿದ್ದೇನೆ. ದಯವಿಟ್ಟು ಇನ್ನಷ್ಟು ಕರಗಿ, ಹದಿನಾಲ್ಕೇ ಹದಿನಾಲ್ಕು ಅಡಿ ಅತ್ತ ಹರಿದುಬಿಡಿ. ಆಗದಿದ್ದರೆ, ಕಣಿವೆಗಾದರೂ ಇತ್ತ ಸರಿಯಲು ಹೇಳಿ. ಅಕ್ಟೋಬರಿನವರೆಗೆ ಸಮಯ ಇದೆ, ಆಮೇಲಿನದು ಗೊತ್ತಿಲ್ಲ.

ತಮ್ಮ ಅಂಚಿನವರೆಗೆ ಮಾತ್ರ ವಿಶ್ವಾಸಿ,
ಜೆನೆಲ್ ಓಲ್ಸೆನ್
ದಕ್ಷಿಣ ಯೂಟಾ

ಮರೆತ ಮಾತು: ಆ ಹದಿನೈದು ನಿಮಿಷವೂ ಅಮ್ಮ ಕಂಡದ್ದನ್ನೆಲ್ಲ ನನ್ನ ಬೆನ್ನಿಗೆ ಹೇಳುತ್ತಲೇ ಇದ್ದಳು: ಬಂಡೆ, ನೆರಳು, ಕೆಳಗೆ ದಾರದಷ್ಟು ನದಿ. ಅರ್ಧ ಅವಳಿಗೆ ಕಂಡಿತ್ತು, ಅರ್ಧ ನೆನಪಿನದು. ಯಾವುದು ಯಾವುದೆಂದು ನಾನು ಕೇಳಲಿಲ್ಲ. ತಮಗೂ ಕೇಳಿಸಿರಬೇಕು. ಅಷ್ಟು ಕೇಳಿದ ಮೇಲೂ ತಾವು ಒಂದಂಗುಲ ಕದಲಲಿಲ್ಲ.