ಕಾರು ತೊಳೆಯುವ ಮಿಷನಿಗೆ ಎಣ್ಣೆ ಹಾಕಿದ ಪ್ರಸಂಗಗಳು

ಮಿಷನ್ ಹಾಳಾದರೆ ರಿಪೇರಿ ಮಾಡಬಹುದು. ಅದು ಹಾಳಾಗದಿರಲಿ ಎಂದು ಅಕ್ಕರೆಯಿಂದ ಹತ್ತಿರ ಬರುವವರನ್ನು ಏನೂ ಮಾಡುವಂತಿಲ್ಲ. ಯುದ್ಧದ ಕಾಲದಲ್ಲಿ ಕೊಡಿಯಾಲ್‌ಬೈಲಿನ ಒಂದು ಮೋಟಾರು ಶೆಡ್ಡಿನಲ್ಲಿ ಕಾರು ತೊಳೆಯುವ ಮಿಷನಿಗೆ ಎಣ್ಣೆ ಹಾಕುವುದು ನನ್ನ ಕೆಲಸವಾಗಿತ್ತು. ಇಂಥವರು ಬಾರದ ವಾರ ಒಂದೂ ನನಗೆ ನೆನಪಿಲ್ಲ.

೧. ಕೈ ತಾಗದ ಕೆಲಸ

ಮಿಷನ್ ಬೊಂಬಾಯಿಯಿಂದ ಹಡಗಿನಲ್ಲಿ ಬಂದದ್ದು. ಒಂದು ಎಂಜಿನ್, ಒಂದು ಪಂಪು, ನಡುವೆ ಬೆಲ್ಟು. ಕಾರು ನಿಲ್ಲುವ ಜಾಗದ ಎಡಕ್ಕೂ ಬಲಕ್ಕೂ ಸಣ್ಣ ಸಣ್ಣ ತೂತುಗಳಿದ್ದ ಕಬ್ಬಿಣದ ಪೈಪು. ಎಂಜಿನ್ ಶುರುವಾದರೆ ಎರಡೂ ಕಡೆಯಿಂದ ನೀರು ಚಿಮ್ಮಿ ಕಾರು ತಾನಾಗಿ ತೊಳೆದುಹೋಗಬೇಕು. ಶೆಡ್ಡಿನ ಧಣಿಗಳು ಬಾಗಿಲಲ್ಲಿ ಬೋರ್ಡು ಹಾಕಿಸಿದರು: “ಇಲ್ಲಿ ಮನುಷ್ಯರ ಕೈ ತಾಗದೆ ಕಾರು ತೊಳೆದು ಕೊಡಲಾಗುವುದು.”

ಮಿಷನ್ ಕೊಂಡದ್ದು ಧಣಿಗಳ ಸೋದರಮಾವನ ಒಪ್ಪಿಗೆಯಿಂದ. ಅವರ ಕುಟುಂಬದಲ್ಲಿ ಆಸ್ತಿಯ ಯಜಮಾನಿಕೆ ಮಾವನದ್ದು. ನಂತೂರಿನ ಆಚೆ ಮನೆ, ಗದ್ದೆ, ತೆಂಗಿನ ತೋಟ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಒಪ್ಪಿಗೆಗೆ ಒಂದು ಶರತ್ತಿತ್ತು. ಹೊಸ ವರ್ಷದ ಬಿಸು ಹಬ್ಬದೊಳಗೆ ಮಿಷನ್ ತನ್ನ ಅನ್ನ ತಾನು ಸಂಪಾದಿಸದಿದ್ದರೆ ಅದು ತೋಟಕ್ಕೆ ನೀರು ಹಾಯಿಸಲು ಹೋಗಬೇಕು, ಅದರ ಜೊತೆಗೆ ಅಳಿಯನೂ ತೋಟಕ್ಕೆ ವಾಪಸಾಗಬೇಕು. ತೋಟ ತಪ್ಪಿಸಲಿಕ್ಕೆಂದೇ ಧಣಿಗಳು ಮೋಟಾರು ಕಲಿತದ್ದು. ಹಾಗಾಗಿ ಅವರಿಗೆ ಆ ಬಿಸುವಿನ ಹೆಸರೆತ್ತಿದರೂ ಊಟ ಸೇರುತ್ತಿರಲಿಲ್ಲ.

ಮೊದಲ ದಿನ ಮಾವ ನೋಡಲು ಬಂದರು. ಎಂಜಿನಿನ ಹ್ಯಾಂಡಲು ತಿರುಗಿಸಲು ಇಬ್ಬರು, ಜಾರುವ ಬೆಲ್ಟನ್ನು ಕೋಲಿನಲ್ಲಿ ಒತ್ತಿ ಹಿಡಿಯಲು ಒಬ್ಬ, ಪಂಪಿಗೆ ಕೊಡದಿಂದ ನೀರು ಹೊಯ್ಯಲು ಒಬ್ಬ, ಎಣ್ಣೆಯ ಡಬ್ಬಿ ಹಿಡಿದು ನಾನು. ಮಾವ ಬೋರ್ಡು ಓದಿದರು, ನಮ್ಮನ್ನು ನೋಡಿದರು. “ಕಾರಿಗೆ ಕೈ ತಾಗುವುದಿಲ್ಲ, ಸರಿ. ಎಲ್ಲರ ಕೈಯೂ ಮಿಷನಿನ ಮೇಲೇ ಉಂಟಲ್ಲ” ಎಂದರು.

೨. ಕೆಡ್ಡಸದ ಎಣ್ಣೆ

ನಮ್ಮಲ್ಲಿ ಕೆಡ್ಡಸದ ದಿನಗಳಲ್ಲಿ ಭೂಮಿತಾಯಿ ಮೈಲಿಗೆಯಲ್ಲಿರುತ್ತಾಳೆ. ಯಾರೂ ನೆಲ ಅಗೆಯುವುದಿಲ್ಲ. ಕೊನೆಯ ದಿನ ಮನೆಯ ಹೆಂಗಸರು ಅಂಗಳದಲ್ಲಿ ಎಣ್ಣೆ, ಅರಸಿನ, ಸೀಗೆಪುಡಿ ಇಟ್ಟು ಅವಳನ್ನು ಮೀಯಿಸುತ್ತಾರೆ. ಆ ವರ್ಷ ಧಣಿಗಳ ತಾಯಿ ಆ ಸಾಮಗ್ರಿಯನ್ನು ಕಟ್ಟಿಕೊಂಡು ಶೆಡ್ಡಿಗೇ ಬಂದರು. ಕಬ್ಬಿಣ ಬಂದದ್ದು ಭೂಮಿಯ ಹೊಟ್ಟೆಯಿಂದ, ಆದ್ದರಿಂದ ಮಿಷನಿಗೂ ಇದು ಸಲ್ಲಬೇಕು ಎಂಬುದು ಅವರ ತೀರ್ಮಾನ. ತಾಯಿಯ ಮಾತಿಗೆ ಧಣಿಗಳು ಎದುರಾಡುವವರಲ್ಲ.

ಊಟ ಮುಗಿಸಿ ನಾನು ಬರುವಾಗ ಮಿಷನಿನ ನೆತ್ತಿಯಿಂದ ತೆಂಗಿನೆಣ್ಣೆ ಇಳಿಯುತ್ತಿತ್ತು. ಬೆಲ್ಟಿಗೂ ಧಾರಾಳವಾಗಿ ತಿಕ್ಕಿದ್ದರು. ಸೀಗೆಪುಡಿಯನ್ನು ನೀರಿನ ಟಾಂಕಿಗೆ ಸುರಿದಿದ್ದರು. ಎಂಜಿನ್ ಓಡಿತು, ಎಣ್ಣೆ ಕುಡಿದ ಬೆಲ್ಟು ಮಾತ್ರ ಇದ್ದಲ್ಲೇ ಜಾರುತ್ತ ಆರಾಮವಾಗಿತ್ತು. ಬೆಲ್ಟಿಗೆ ಎಣ್ಣೆ ತಾಗಬಾರದಮ್ಮ ಎಂದು ನಾನು ಮೆಲ್ಲಗೆ ಹೇಳಿದೆ.

“ಎಣ್ಣೆ ಹಚ್ಚಿದ ಕೂಡಲೇ ಯಾರಾದರೂ ಕೆಲಸ ಮಾಡ್ತಾರಾ?” ಎಂದರು ಅವರು. “ಒಂದು ಗಳಿಗೆ ಕೂತುಕೊಳ್ಳಲಿ ಮಾರಾಯ. ಮತ್ತೆ ಬಿಸಿನೀರು ಹೊಯ್ಯಿ.”

೩. ಅರ್ಧ ಮಡಿ

ನಮ್ಮ ಬೋರ್ಡನ್ನು ನಿಜವೆಂದು ನಂಬಿದವರು ಮಣ್ಣಗುಡ್ಡದ ಒಬ್ಬ ವಕೀಲರು. ಬಹಳ ಮಡಿವಂತರು. ಸಾವಿನ ಮನೆಗೆ ಹೋಗಿ ಬಂದರೆ ಕಾರಿಗೂ ಸ್ನಾನ ಆಗಬೇಕು, ಕಂಡ ಕಂಡವರ ಕೈ ತಾಗಬಾರದು ಎಂದು ಇಲ್ಲಿಗೆ ಬರುತ್ತಿದ್ದರು. ಪಂಪಿನ ಒಳಗೆ ಚರ್ಮದ ವಾಷರು ಉಂಟೆಂದು ನಾವು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಊರಿನ ದೊಡ್ಡವರೆಲ್ಲ ಅವರನ್ನು ನೋಡಿ ನಡೆಯುವವರಾದ್ದರಿಂದ, ಇವರೊಬ್ಬರು ಕೈಬಿಡದಿದ್ದರೆ ಬಿಸು ದಾಟಬಹುದೆಂದು ಧಣಿಗಳ ಲೆಕ್ಕಾಚಾರ.

ಒಂದು ಮಧ್ಯಾಹ್ನ ಅವರು ಮಸಣದಿಂದ ನೇರ ಬಂದರು. ಉಟ್ಟ ಬಟ್ಟೆಯಲ್ಲೇ ಮಿಂದು ಮನೆಯೊಳಗೆ ಹೋಗಬೇಕಾದ ಹೊತ್ತು. ಕಾರಿನ ಮೇಲಿನ ಬಟ್ಟೆಯ ಹುಡ್ಡು ಮಡಚಿಸಿ, ತಾನು ಇಳಿಯುವುದಿಲ್ಲ, ಎರಡೂ ಸ್ನಾನ ಒಟ್ಟಿಗೇ ಆಗಲಿ ಎಂದರು. ಪಂಪು ಶುರುವಾಯಿತು. ಬಲಗಡೆಯ ಪೈಪಿನಿಂದ ನೀರು ಸೊಗಸಾಗಿ ಚಿಮ್ಮಿತು. ಎಡಗಡೆಯ ತೂತುಗಳಲ್ಲಿ ಕೆಡ್ಡಸದ ಸೀಗೆ ಕಟ್ಟಿ ನಿಂತಿತ್ತು. ಬಲಗಡೆ ಕೂತದ್ದು ಡ್ರೈವರು, ಎಡಗಡೆ ವಕೀಲರು.

ನಾನು ಗುಡಿಸುವ ಹಿಡಿಸೂಡಿಯ ಕಡ್ಡಿ ತಂದು ಒಂದೊಂದೇ ತೂತು ಕೆರೆಯತೊಡಗಿದೆ. ವಕೀಲರು ಒಣ ಮೈಯಲ್ಲಿ, ಹಸಿದ ಹೊಟ್ಟೆಯಲ್ಲಿ, ಕದಲದೆ ಕೂತಿದ್ದರು. ಮಸಣದ ಗೇಟಿನ ಹೊರಗೇ ನಿಂತು ಬೀಡಿ ಸೇದಿದ್ದ ಡ್ರೈವರು ತಲೆಯಿಂದ ಕಾಲಿನವರೆಗೆ ಶುದ್ಧನಾಗಿದ್ದ. ಸ್ವಲ್ಪ ಹೊತ್ತು ಕಾದು ಅವನು ವಿನಯದಿಂದ ಕೇಳಿದ:

“ಸ್ವಾಮೀ, ನಾನು ಮೊದಲು ಹೋಗಿ ಊಟ ಮಾಡ್ಲಾ?”

೪. ಹೊಳಪು

ಅಷ್ಟರಲ್ಲಿ ಪೇಟೆಯಲ್ಲಿ ಮಿಷನಿನ ಎಣ್ಣೆಯೂ ಗ್ರೀಸೂ ಸಿಗದಂತಾಯಿತು. ತೆಂಗಿನೆಣ್ಣೆ ಹಾಕಿ ನೋಡಿದರೆ ಬೆಳಿಗ್ಗೆಯ ಚಳಿಗೆ ಅದು ಹೆಪ್ಪುಗಟ್ಟಿ, ಬಿಸಿಲು ಏರುವವರೆಗೆ ಪಂಪು ಅಲುಗುತ್ತಿರಲಿಲ್ಲ. ಧಣಿಗಳು ಕಡಲ ಕರೆಗೆ ಹೋಗಿ, ದೋಣಿಯ ಮರಕ್ಕೆ ಬಳಿಯುವ ಬೂತಾಯಿ ಮೀನಿನ ಎಣ್ಣೆಯನ್ನು ಡಬ್ಬಿಗಟ್ಟಲೆ ತಂದರು. ನ್ಯಾಯವಾಗಿ ಹೇಳಬೇಕು: ಮಿಷನ್ ಅಷ್ಟು ನುಣ್ಣಗೆ ಅದಕ್ಕೆ ಮೊದಲು ಓಡಿರಲಿಲ್ಲ.

ಪಂಪಿನ ವಾಷರು ಸವೆದು ಎಣ್ಣೆ ನೀರಿಗೂ ಸೇರುತ್ತಿತ್ತು. ತೊಳೆದ ಕಾರುಗಳೆಲ್ಲ ಕನ್ನಡಿಯ ಹಾಗೆ ಹೊಳೆದವು. ವಕೀಲರು ಸಂತೋಷದಿಂದ ದೇವಸ್ಥಾನಕ್ಕೆ ಹೋದರು. ಬಿಸಿಲಿಗೆ ಕಾರು ಕಾದಂತೆ ಮೊದಲು ಕಾಗೆಗಳು ಬಂದವು, ಆಮೇಲೆ ರಥಬೀದಿಯ ಬೆಕ್ಕುಗಳು. ದರ್ಶನ ಮುಗಿಸಿ ಬರುವಾಗ ಬಾನೆಟ್ಟಿನ ಮೇಲೆ ಒಂದು ಬೆಕ್ಕು ಮಲಗಿ ಕಾರನ್ನು ನೆಕ್ಕುತ್ತಿತ್ತಂತೆ, ಉಳಿದವು ಸರದಿ ಕಾಯುತ್ತಿದ್ದವಂತೆ.

ವಕೀಲರು ಶೆಡ್ಡಿಗೆ ಬಂದು ಬಹಳ ಹೊತ್ತು ಮಾತಾಡಿದರು. ಧಣಿಗಳು ತಪ್ಪೊಪ್ಪಿಕೊಂಡು, ಅಲ್ಲೇ ನಿಲ್ಲಿಸಿ, ಬಿಟ್ಟಿಯಾಗಿ ಕಾರನ್ನು ಇನ್ನೊಮ್ಮೆ ತೊಳೆಸಿಕೊಟ್ಟರು. ಅದೇ ಮಿಷನಿನಲ್ಲಿ.

೫. ಬಿಸುವಿನ ಕಾಫಿ

ವಕೀಲರು ಆ ಮೇಲೆ ಬರಲಿಲ್ಲ. ಅವರನ್ನು ನೋಡಿ ಬರುತ್ತಿದ್ದವರೂ ಬರಲಿಲ್ಲ. ಬಿಸುವಿನ ಹಿಂದಿನ ದಿನ ಮಾವ ಎತ್ತಿನ ಗಾಡಿ ಕಳಿಸಿದರು. ಮಿಷನ್ ಏರಿತು, ಅದರ ಪಕ್ಕದಲ್ಲಿ ಧಣಿಗಳು ತಮ್ಮ ಟ್ರಂಕಿನ ಸಮೇತ ಕೂತರು, ಹಿಂದೆ ನಾನು. ನನ್ನ ಹಿಂದೆ, ನಂತೂರಿನ ಏರಿನವರೆಗೂ, ಕೊಡಿಯಾಲ್‌ಬೈಲಿನ ಬೆಕ್ಕುಗಳು.

ಸಂಜೆಯೊಳಗೆ ಮನೆಯ ಬಾವಿಯ ಬದಿಯಲ್ಲಿ ಮಿಷನ್ ಕೂರಿಸಿದೆವು. ತೋಟಕ್ಕೆ ನೀರು ಭರದಿಂದ ಹರಿಯಿತು. ಮಾವ ಮೀಸೆ ತಿರುವಿ, ಈ ಕೆಲಸ ಮೊದಲೇ ಮಾಡಬೇಕಿತ್ತು ಎಂದರು. ಧಣಿಗಳು ತೆಂಗಿನ ಮರಗಳನ್ನು ಒಂದೊಂದಾಗಿ ನೋಡಿದರು. ಜೈಲಿಗೆ ಬಂದವನು ಕಂಬಿಗಳನ್ನು ನೋಡುವ ಹಾಗೆ. ಪಂಪಿನ ಅಡಿಯ ವಾಲ್ವು ಸೋರುತ್ತದೆ, ಎಂಜಿನ್ ನಿಂತರೆ ಪಂಪಿನಲ್ಲಿದ್ದದ್ದೆಲ್ಲ ಬಾವಿಗೆ ಇಳಿಯುತ್ತದೆ ಎಂದು ನಾನು ಹೇಳಿದೆ. ಬಾವಿಯ ನೀರು ಬಾವಿಗೇ ಹೋದರೆ ನಷ್ಟ ಎಂತ ಎಂದು ಮಾವ ಕೇಳಿದರು.

ರಾತ್ರಿ ಊಟಕ್ಕೆ ಬೂತಾಯಿ ಮೀನಿನ ಗಸಿ ಇದ್ದುದರಿಂದ ಯಾರಿಗೂ ಏನೂ ತಿಳಿಯಲಿಲ್ಲ. ಬೆಳಿಗ್ಗೆ ಬಿಸು. ಆ ಮನೆಯಲ್ಲಿ ಹಬ್ಬದ ದಿನ ಮೀನು ಒಲೆಗೇರುವುದಿಲ್ಲ. ಮಾವ ದೇವರೆದುರು ಹಣ್ಣುಹಂಪಲು ಇಟ್ಟ ಬಿಸುಕಣಿ ನೋಡಿ, ಕಣ್ಣಿಗೆ ಒತ್ತಿಕೊಂಡು, ಚಾವಡಿಯಲ್ಲಿ ಕೂತು ಕಾಫಿಯ ಲೋಟ ಎತ್ತಿದರು, ಇಳಿಸಿದರು. ಮನೆಯ ಬೆಕ್ಕು ಬಂದು ಎದುರು ಕೂತು ಲೋಟವನ್ನೇ ನೋಡಿತು.

ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ಮಾವ ತಂಗಿಯನ್ನು, ಅಂದರೆ ಧಣಿಗಳ ತಾಯಿಯನ್ನು, ಬೈದರು. ಅವರು ಅಡುಗೆಯವಳನ್ನು ಬೈದರು. ಪಾತ್ರೆಗಳನ್ನೆಲ್ಲ ಬಾವಿಕಟ್ಟೆಗೆ ಒಯ್ದು ಹೊಸದಾಗಿ ನೀರು ಸೇದಿ ಬೆಳಗಿದರು, ಹೊಸ ಕಾಫಿ ಮಾಡಿದರು. ಈ ಸಲದ ಲೋಟಕ್ಕೆ ಪಕ್ಕದ ಮನೆಯ ಬೆಕ್ಕೂ ಬಂತು. ಆಗ ಮಾವ ಎದ್ದು ಹೋಗಿ ಬಾವಿಗೆ ಬಗ್ಗಿ ನೋಡಿದರು. ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು ಹರಡಿತ್ತು.

ಧಣಿಗಳು ತಲೆ ತಗ್ಗಿಸಿ ನಿಂತರು. ಮಾವ ಗಾಡಿ ಕಟ್ಟಲು ಹೇಳಿ, ಅಳಿಯನ ಕಡೆ ತಿರುಗಿದರು.

“ಇದನ್ನು ಕೊಡಿಯಾಲ್‌ಬೈಲಿಗೇ ತೆಗೆದುಕೊಂಡು ಹೋಗು. ನೀನೂ ಅಲ್ಲೇ ಇರು. ಕಾರುಗಳು ಕಾಫಿ ಕುಡಿಯುವುದಿಲ್ಲ.”